ಅಕ್ಕತಂಗಿಯರ ಎರಡು ಬಾಳು

ಹಳೇ ಹುಬ್ಬಳ್ಳಿಯ ಭವಾನಿಶಂಕರ ದೇವಾಲಯವನ್ನು ನೋಡಿ ದುರ್ಗದ ಬೈಲಿಗೆ ಬಂದವರಿಗೆ ಒಂದು ಊರಿನಿಂದ ಮತ್ತೊಂದು ಊರಿಗೆ ಬಂದಂತೆ ತೋರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಬಸಪ್ಪ ಶೆಟ್ಟರು ಹೊಸ ಪೇಟೆಯನ್ನು ಕಟ್ಟಿಸಿದರು. ವ್ಯಾಪಾರವು ಅಲ್ಲಿ ಬೆಳೆಯಿತು. ಹಳೆಯ ಊರು ತನ್ನ ನೆಲೆಯಲ್ಲಿಯೇ ಉಳಿಯಿತು. ಒಂದೇ ಹೆಸರಿನ ಈ ಎರಡು ಊರುಗಳಂತೆ, ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರ ಬಾಳೂ ಬೇರೆ ಬೇರೆ ದಾರಿಯನ್ನು ಹಿಡಿಯುವುದುಂಟು. ಹೊರಟುಹೋದವಳು ಹೆಚ್ಚು ಬಾಳಿದಳೆ, ಉಳಿದವಳು ಹೆಚ್ಚು ಬಾಳಿದಳೆ? ಇಂಗ್ಲೆಂಡಿನ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್ (1867–1931) ಬರೆದು 1908ರಲ್ಲಿ ಪ್ರಕಟವಾದ ‘ದಿ ಓಲ್ಡ್ ವೈವ್ಸ್ ಟೇಲ್’ ಎಂಬ ಕಾದಂಬರಿ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಈ ಕೃತಿಯ ಬೀಜ ಬಿದ್ದದ್ದು 1903ರಲ್ಲಿ, ಪ್ಯಾರಿಸಿನ ಒಂದು ಉಪಾಹಾರಗೃಹದಲ್ಲಿ. ಅಲ್ಲಿಗೆ ಬಂದ ಸ್ಥೂಲಕಾಯದ ಮುದುಕಿಯೊಬ್ಬಳ ವಿಚಿತ್ರ ನಡವಳಿಕೆಯನ್ನು ಕಂಡು ಇತರರು ನಕ್ಕರು. ಬೆನೆಟ್ ಮಾತ್ರ, ಈಕೆಯೂ ಒಮ್ಮೆ ಚೆಲುವಾದ ತರುಣಿಯಾಗಿದ್ದಳಲ್ಲವೆ ಎಂದು ಯೋಚಿಸಿದನು. ದಿನದಿನಕ್ಕೆ ಕಾಣದಂತೆ ನಡೆಯುವ ಆ ಬದಲಾವಣೆಯನ್ನೇ ಕಥೆಯಾಗಿಸಲು ನಿಶ್ಚಯಿಸಿದನು.

ಕಥೆ ನಡೆಯುವುದು ಬರ್ಸ್ಲಿ ಎಂಬ ಊರಿನಲ್ಲಿ. ಮಣ್ಣಿನ ಪಾತ್ರೆಗಳ ತಯಾರಿಕೆಗೆ ಹೆಸರಾದ ಬರ್ಸ್ಲೆಮ್ ಪಟ್ಟಣವೇ ಇದಕ್ಕೆ ಮೂಲ. ಅಲ್ಲಿ ಬೇನ್ಸ್ ಮನೆತನದ ಜವಳಿ ಅಂಗಡಿ. ಅಂಗಡಿಗೆ ಹೊಂದಿಕೊಂಡೇ ಮನೆ. ತಂದೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾನೆ. ಹಿರಿಯ ಮಗಳು ಕಾನ್‌ಸ್ಟನ್ಸ್ ಶಾಂತಳು, ವಿಧೇಯಳು. ಕಿರಿಯಳಾದ ಸೋಫಿಯಾ ಚೆಲುವೆ, ಹಟಮಾರಿ. ಅಂಗಡಿಯ ಕೆಲಸ ಒಲ್ಲೆ, ಶಿಕ್ಷಕಿಯಾಗುವೆನೆಂದು ತಾಯಿಯೊಡನೆ ವಾದಿಸುತ್ತಾಳೆ. ಒಂದು ದಿನ ತಂದೆಯನ್ನು ನೋಡಿಕೊಳ್ಳುವ ಸರದಿ ಅವಳದಾಗಿರುತ್ತದೆ. ಅಂಗಡಿಗೆ ಬಂದ ಜೆರಾಲ್ಡ್ ಸ್ಕೇಲ್ಸ್ ಎಂಬ ವ್ಯಾಪಾರ ಪ್ರತಿನಿಧಿಯನ್ನು ಕಾಣುವ ಆಸೆಯಿಂದ ಅವಳು ಕೆಳಗಿಳಿಯುತ್ತಾಳೆ. ಅಷ್ಟರಲ್ಲಿ ತಂದೆ ಹಾಸಿಗೆಯಿಂದ ಜಾರಿ, ಉಸಿರುಕಟ್ಟಿ ಸಾಯುತ್ತಾನೆ. ಸ್ವಲ್ಪ ಹೊತ್ತಿನ ಮೈಮರೆವಿಗೆ ತೆರಬೇಕಾದ ಬೆಲೆ ಎಷ್ಟೊಂದು ದೊಡ್ಡದು!

ಮುಂದೆ ಸೋಫಿಯಾ ಅದೇ ಜೆರಾಲ್ಡನೊಡನೆ ಮನೆ ಬಿಟ್ಟು ಹೋಗಿ, ಅವನನ್ನು ಮದುವೆಯಾಗಿ ಪ್ಯಾರಿಸನ್ನು ಸೇರುತ್ತಾಳೆ. ಅವನು ಹಣವನ್ನೆಲ್ಲ ಕಳೆದು ಅವಳನ್ನು ಪರದೇಶದಲ್ಲಿ ಕೈಬಿಡುತ್ತಾನೆ. 1870–71ರಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸಿಗೆ ಮುತ್ತಿಗೆ ಹಾಕಿದಾಗ ಜನ ಹಸಿವಿನಿಂದ ಕಂಗೆಡುತ್ತಾರೆ. ಸೋಫಿಯಾ ಮೊದಲೇ ದಿನಸಿ ಕೂಡಿಟ್ಟು, ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಕಾಸಿಗೆ ಕಾಸು ಸೇರಿಸುತ್ತಾಳೆ. ಬಳಿಕ ವಸತಿಗೃಹವೊಂದರ ಒಡತಿಯಾಗುತ್ತಾಳೆ. ಇತ್ತ ಕಾನ್‌ಸ್ಟನ್ಸ್ ಅಂಗಡಿಯ ಸಹಾಯಕ ಸ್ಯಾಮ್ಯುಯೆಲ್ ಪೋವಿಯನ್ನು ವರಿಸಿ, ಮಗನನ್ನು ಪಡೆದು, ಕಾಲಾಂತರದಲ್ಲಿ ವಿಧವೆಯಾಗುತ್ತಾಳೆ. ಮಗ ಚಿತ್ರಕಲೆಯನ್ನು ಅರಸಿ ಲಂಡನ್ನಿಗೆ ಹೋಗುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂಗಡಿಯನ್ನು ತೊರೆದು ಓಡಿದ ಸೋಫಿಯಾಳನ್ನು ಪರದೇಶದಲ್ಲಿ ಕಾಪಾಡಿದ್ದು ಆ ಅಂಗಡಿಯೇ ಕಲಿಸಿದ ಲೆಕ್ಕ, ಮಿತವ್ಯಯ ಮತ್ತು ಶಿಸ್ತು. ಜಗತ್ತನ್ನು ನೋಡಲು ಹೊರಟವಳು ಪ್ಯಾರಿಸಿನಲ್ಲಿಯೂ ಮತ್ತೊಂದು ಬರ್ಸ್ಲಿಯನ್ನು ಕಟ್ಟಿಕೊಂಡಳು. ಅಕ್ಕತಂಗಿಯರ ಬಾಳು ಭಿನ್ನವಾದರೂ ಅದರ ಬೇರು ಒಂದೇ.

ಸುಮಾರು ಮೂವತ್ತು ವರ್ಷಗಳ ಬಳಿಕ ಸೋಫಿಯಾ ಊರಿಗೆ ಮರಳಿ ಅಕ್ಕನೊಡನೆ ನೆಲೆಸುತ್ತಾಳೆ. ಒಂದು ದಿನ ಮ್ಯಾಂಚೆಸ್ಟರಿನಿಂದ ಜೆರಾಲ್ಡನ ವಿಷಯವಾಗಿ ಕರೆ ಬರುತ್ತದೆ. ಅವಳು ಅಲ್ಲಿಗೆ ಧಾವಿಸಿದಾಗ ಕಾಣುವುದು ಕೃಶನಾದ ಮುದುಕನೊಬ್ಬನ ಶವ. ಅವಳಲ್ಲಿ ಹಳೆಯ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಒಮ್ಮೆ ತರುಣನಾಗಿದ್ದವನು ಹೀಗಾದನಲ್ಲ ಎಂಬ ಮರುಕ ಮಾತ್ರ ಉಳಿದಿದೆ. ಹಿಂತಿರುಗುವಾಗಲೇ ಆಘಾತಕ್ಕೊಳಗಾಗಿ ಅವಳೂ ಅಸುನೀಗುತ್ತಾಳೆ.

ಕಾನ್‌ಸ್ಟನ್ಸಳ ಕೊನೆಯೂ ಅರ್ಥಪೂರ್ಣವಾಗಿದೆ. ನೆರೆಯ ಪಟ್ಟಣಗಳೊಡನೆ ತನ್ನ ಊರು ಒಂದಾಗಬಾರದೆಂದು ಮತ ನೀಡಲು ಅನಾರೋಗ್ಯದಲ್ಲಿಯೂ ಆಕೆ ನಡೆದು ಹೋಗುತ್ತಾಳೆ. ಅದೇ ಅವಳ ಕೊನೆಯ ಕಾಯಿಲೆಗೆ ಕಾರಣವಾಗುತ್ತದೆ. ವಾಸ್ತವದಲ್ಲಿ ಬರ್ಸ್ಲೆಮ್ ಸೇರಿದಂತೆ ಆರು ಪಟ್ಟಣಗಳು 1910ರಲ್ಲಿ ಒಂದಾದವು. ನಮ್ಮ ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಮಹಾನಗರವಾದುದನ್ನು ಇಲ್ಲಿ ನೆನೆಯಬಹುದು. ಊರು ಬದಲಾಗುವಾಗ ಹಳಬರ ಮನಸ್ಸು ನೋಯುವುದು ಎಲ್ಲೆಡೆಯೂ ಸಹಜ.

ಬೆನೆಟ್ ಇಬ್ಬರಲ್ಲಿ ಯಾರನ್ನೂ ಗೆಲ್ಲಿಸುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ. ಸಾಹಸಕ್ಕೆ ಧೈರ್ಯ ಬೇಕು; ಒಂದೇ ಮನೆಯಲ್ಲಿ ದಿನದ ಕರ್ತವ್ಯವನ್ನು ನಡೆಸಿಕೊಂಡು ಹೋಗಲೂ ಧೈರ್ಯ ಬೇಕು. ಕಾಲ ಇಬ್ಬರನ್ನೂ ಸಮನಾಗಿ ಮುಟ್ಟುತ್ತದೆ. ಆದುದರಿಂದ ಮನೆಯ ಕಟ್ಟೆಯ ಮೇಲೆ ಕುಳಿತ ಅಜ್ಜಿಯನ್ನು ಕಂಡಾಗ, ಆಕೆಯ ಸುಕ್ಕುಗಳ ಹಿಂದೆ ಹದಿನೈದರ ಹುಡುಗಿಯೊಬ್ಬಳು ಇದ್ದಳೆಂಬುದನ್ನು ನಾವು ಮರೆಯಬಾರದು.