ಸುಣ್ಣ, ಕೆಮ್ಮಣ್ಣು, ಕೌದಿ

ಮಲಗುವ ಕೋಣೆಯ ಅಲಂಕಾರವನ್ನು ಕುರಿತು ಬರೆಯಲು ಇವಳಿಗೇನು ಅಧಿಕಾರ ಎಂದು ನನ್ನ ಸಹಪಾಠಿಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮೂರು ವರ್ಷಗಳಿಂದ ಯಾದಗಿರಿಯ ವಸತಿಗೃಹದಲ್ಲಿ ಒಂದು ಕಬ್ಬಿಣದ ಮಂಚ, ಒಂದು ಟ್ರಂಕು, ಇವಿಷ್ಟಕ್ಕೆ ಮಾತ್ರ ಒಡತಿಯಾಗಿರುವವಳು ನಾನು. ನಮ್ಮ ಮನೆ ಇರುವುದು ಸುರಪುರದ ಹತ್ತಿರದ ಹಳ್ಳಿಯಲ್ಲಿ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಆದರೂ ಕಳೆದ ಬೇಸಗೆಯ ರಜೆಯಲ್ಲಿ ಒಂದು ಕೋಣೆಯನ್ನು ಕೆಡಿಸಿ, ಮತ್ತೆ ಅದನ್ನು ನೆಟ್ಟಗೆ ಮಾಡಿದ ಅನುಭವ ನನಗಾಗಿದೆ. ಕೆಡಿಸಿ ಕಲಿತವರ ಮಾತಿಗೆ ಸ್ವಲ್ಪ ಬೆಲೆಯುಂಟೆಂದು ನಂಬಿ ಈ ಲೇಖನವನ್ನು ಬರೆದಿದ್ದೇನೆ.

ವಸತಿಗೃಹಕ್ಕೆ ಬಂದ ಮೊದಲ ವರ್ಷ ನನ್ನ ಹಾಸಿಗೆಯಲ್ಲಿ ಒಂದು ಕೌದಿ ಇತ್ತು. ಅದು ನಮ್ಮ ಆಯಿ ಹೊಲಿದದ್ದು. ಅದರ ಮೇಲೆ ಗಿರಣಿಯ ಚಾದರವೊಂದನ್ನು ಹಾಸಿ, ನಾಲ್ಕೂ ಕಡೆ ಒಳಗೆ ಮಡಿಸಿ, ಕೌದಿ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುತ್ತಿದ್ದೆ. ಎರಡನೆಯ ವರ್ಷ ಗೆಳತಿಯೊಬ್ಬಳು ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಯಾವುದೋ ದೂರದ ನಗರದ ಕೋಣೆ. ಇಟ್ಟಿಗೆ ಬಣ್ಣದ ಗೋಡೆ. ಮಂಚದ ಮೇಲೆ ಒಂದರ ಮೇಲೊಂದು ಹಾಸಿದ ಬಟ್ಟೆಗಳು. ಎಲ್ಲಕ್ಕೂ ಮೇಲೆ ತುಂಡು ತುಂಡು ಸೇರಿಸಿ ಹೊಲಿದ ಒಂದು ಹೊದಿಕೆ. “ಇದಕ್ಕೆ ಬೊಹೀಮಿಯನ್ ಪದ್ಧತಿ ಎನ್ನುತ್ತಾರೆ, ಬಹಳ ದುಬಾರಿ,” ಎಂದಳು. ನಾನು ನನ್ನ ಚಾದರದ ಅಂಚನ್ನು ಇನ್ನಷ್ಟು ಒಳಕ್ಕೆ ತುರುಕಿದೆ.

ಆ ಶಬ್ದದ ಕತೆ ಸ್ವಾರಸ್ಯವಾಗಿದೆ. ಬೊಹೀಮಿಯಾ ಎಂಬುದು ಈಗಿನ ಚೆಕ್ ದೇಶದ ಒಂದು ಭಾಗ. ಯುರೋಪಿನಲ್ಲಿ ಊರಿಂದೂರಿಗೆ ಅಲೆಯುತ್ತಿದ್ದ ರೋಮಾ ಜನರು ಅಲ್ಲಿಂದ ಬಂದವರೆಂದು ಫ್ರೆಂಚರು ಭಾವಿಸಿ, ಅವರನ್ನು ಬೊಹೀಮಿಯನ್ನರೆಂದು ಕರೆದರು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬಡ ಚಿತ್ರಕಾರರಿಗೂ ಕವಿಗಳಿಗೂ ಅದೇ ಹೆಸರು ಅಂಟಿತು. ಅವರ ಬದುಕನ್ನು ಕುರಿತು ಆನ್ರಿ ಮ್ಯುರ್ಜೆ ಬರೆದ ಪುಸ್ತಕ ೧೮೫೧ರಲ್ಲಿ ಬಂದಿತು; ಅದನ್ನು ಆಧರಿಸಿದ ಪುಚೀನಿಯ ಗೀತನಾಟಕ ೧೮೯೬ರಲ್ಲಿ ರಂಗವೇರಿತು. ಹೊಸ ಸಾಮಾನು ಕೊಳ್ಳಲು ಹಣವಿಲ್ಲದೆ, ಹಳೆಯ ಬಟ್ಟೆ, ಹಳೆಯ ಕಂಬಳಿಗಳಿಂದ ಕೋಣೆಯನ್ನು ಬೆಚ್ಚಗೆ ಮಾಡಿಕೊಂಡವರ ರೀತಿ ಕಾಲಾನಂತರ ಹಣವುಳ್ಳವರ ಅಲಂಕಾರವಾಯಿತು. ಇನ್ನೊಂದು ಮಾತು. ಆ ರೋಮಾ ಜನರ ಪೂರ್ವಿಕರು ಹೊರಟದ್ದು ಬೊಹೀಮಿಯಾದಿಂದಲ್ಲ, ನಮ್ಮ ಭಾರತದಿಂದ. ಅವರ ಭಾಷೆಗೂ ಉತ್ತರ ಭಾರತದ ಭಾಷೆಗಳಿಗೂ ಇರುವ ನಂಟನ್ನು ಭಾಷಾಶಾಸ್ತ್ರಜ್ಞರು ಹದಿನೆಂಟನೆಯ ಶತಮಾನದಲ್ಲಿಯೇ ಗುರುತಿಸಿದರು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅದಕ್ಕೆ ಮುಂಚೆಯೇ ನಾನು ತಪ್ಪು ಮಾಡಿಯಾಗಿತ್ತು.

ನಮ್ಮ ತಂದೆಯವರು ಬೆಂಗಳೂರಿಗೆ ಗುಳೆ ಹೋಗಿ, ಗಾರೆ ಕೆಲಸ ಮಾಡಿ ಕೂಡಿಸಿದ ಹಣದಿಂದ ಹಳೆಯ ಮಣ್ಣಿನ ಮಾಳಿಗೆಯ ಮನೆಗೆ ಹೊಂದಿಕೊಂಡು ಸಿಮೆಂಟಿನ ಒಂದು ಖೋಲಿಯನ್ನು ಕಟ್ಟಿಸಿದರು. ಅದು ನನಗೂ ಆಯಿಗೂ ಎಂದು ಗೊತ್ತಾಯಿತು. ಓದಿದ ಮಗಳೆಂದು ಬಣ್ಣ ಆರಿಸುವ ಅಧಿಕಾರ ನನಗೇ ಬಂದಿತು. ನಾನು ಹೊಳೆಯುವ ಹಸುರು ಎಣ್ಣೆಬಣ್ಣವನ್ನು ಹೊಡೆಸಿದೆ. ನೈಲಾನಿನ ಪರದೆ ಕಟ್ಟಿಸಿದೆ. ಮಂಚಕ್ಕೆ ಮಿರುಗುವ ಪಾಲಿಯೆಸ್ಟರ್ ಚಾದರ ತಂದೆ. ಕೌದಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಅವನ್ನು ಪಾತ್ರೆ ಮಾರುವವಳಿಗೆ ಕೊಟ್ಟುಬಿಡೆಂದು ಅವ್ವನಿಗೂ ಹೇಳಿದೆ. ಅವ್ವ ಉತ್ತರ ಕೊಡಲಿಲ್ಲ.

ನಾಲ್ಕನೆಯ ರಾತ್ರಿ ಆಯಿ ಎದ್ದುಹೋಗಿ ಹಳೆಯ ಪಡಸಾಲೆಯಲ್ಲಿ ಮಲಗಿದಳು. ಬೆಳಗ್ಗೆ ಕೇಳಿದಾಗ, “ಯವ್ವಾ, ಆ ಖೋಲ್ಯಾಗ ನನಗ ನಿದ್ದಿ ಹತ್ತವಲ್ದು. ಗ್ವಾಡಿ ಮಾರಿಗಿ ಹೊಡದಂಗ ಆಗ್ತದ,” ಎಂದಳು.

ಆಯಿಯ ಮಾತಿನಲ್ಲಿ ಶಾಸ್ತ್ರವಿತ್ತು. ನಮ್ಮ ಸೀಮೆಯಲ್ಲಿ ಮೇ ತಿಂಗಳ ಬಿಸಿಲು ೪೦ ಡಿಗ್ರಿಯನ್ನು ಮೀರುತ್ತದೆ. ಹಗಲೆಲ್ಲ ಕಾದ ಸಿಮೆಂಟಿನ ಮಾಳಿಗೆ ರಾತ್ರಿಯೆಲ್ಲ ಆ ಬಿಸಿಯನ್ನು ಕೆಳಕ್ಕೆ ಬಿಡುತ್ತದೆ. ಎಣ್ಣೆಬಣ್ಣದ ಗೋಡೆ ತೇವವನ್ನು ಹೀರುವುದಿಲ್ಲ. ಪಾಲಿಯೆಸ್ಟರ್ ಬಟ್ಟೆ ಬೆವರನ್ನು ಹೀರುವುದಿಲ್ಲ. ಹೊಳಪಿನ ಗೋಡೆಯ ಮೇಲೆ ದೀಪ ಬಿದ್ದರೆ ಬೆಳಕು ನೇರವಾಗಿ ಕಣ್ಣಿಗೆ ಚುಚ್ಚುತ್ತದೆ. ಚಿತ್ರದಲ್ಲಿಯ ಕೋಣೆ ಏತಕ್ಕೆ ಹಿತವಾಗಿ ಕಂಡಿತ್ತೆಂಬುದು ಆಗ ನನಗೆ ಹೊಳೆಯಿತು. ಅದು ನಮ್ಮ ಹಳೆಯ ಪಡಸಾಲೆಯ ಹಾಗಿತ್ತು.

ಇನ್ನು ಆ ಕೋಣೆಯನ್ನು ಸರಿಪಡಿಸಿದ ಬಗೆಯನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಗೋಡೆ. ನಮ್ಮ ಹಳ್ಳಿಗಳಲ್ಲಿ ಹಬ್ಬ ಬಂದರೆ ಸುಣ್ಣ-ಕಾರಣೆ ಮಾಡುವ ವಾಡಿಕೆಯುಂಟು. ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದು; ಹಳದಿ ಮಣ್ಣಿನ ಬಣ್ಣವೂ ಕಬ್ಬಿಣದಿಂದಲೇ ಬಂದದ್ದು. ಈ ಬಣ್ಣಗಳು ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ, ಸುಣ್ಣದ ಖಾರಕ್ಕೂ ಕೆಡುವುದಿಲ್ಲ. ಸುಣ್ಣವಾದರೋ ಗೋಡೆಯ ಮೇಲೆ ಒಣಗುತ್ತ, ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ತೆಳುವಾದ ಸುಣ್ಣಕಲ್ಲಾಗುತ್ತದೆ. ಆದುದರಿಂದಲೇ ಅದು ಗೋಡೆಗೆ ಕಚ್ಚಿಕೊಳ್ಳುತ್ತದೆ. ತೇವವನ್ನು ಹೀರಿ ಬಿಡುತ್ತಲೂ ಇರುತ್ತದೆ.

ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಊರಿಗೆ ಬಂದಿದ್ದ ತಂದೆಯವರು ಎರಡು ದಿವಸ ಕೂತು ಆ ಹಸುರನ್ನು ಕೆರೆದರು. ತಾವು ದುಡಿದ ಹಣದ ಬಣ್ಣವನ್ನು ತಾವೇ ಕೆರೆಯುವಾಗಲೂ ನನಗೆ ಒಂದು ಕಟುಮಾತು ಆಡಲಿಲ್ಲ. ಶಹಾಪುರದ ಸಂತೆಯಿಂದ ಸುಣ್ಣವನ್ನೂ ಕೆಮ್ಮಣ್ಣನ್ನೂ ತಂದೆವು. ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸಿ, ಕೆಲವು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಅರಳುವಾಗ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳನ್ನು ದೂರವಿಡತಕ್ಕದ್ದು. ಮೇಲ್ಭಾಗಕ್ಕೆ ಸುಣ್ಣದಲ್ಲಿ ಒಂದು ಹಿಡಿ ಹಳದಿ ಮಣ್ಣು ಕಲಸಿದೆವು. ಕೆನೆಯ ಬಣ್ಣ ಬಂತು. ನೆಲದಿಂದ ಮೂರಡಿಯವರೆಗೆ ಕೆಮ್ಮಣ್ಣು ಬಳಿದೆವು. ಮೈಗೆ ಹತ್ತದಿರಲೆಂದು ಅದರಲ್ಲಿ ಗೋಂದು ಕರಗಿಸಿದ್ದೆವು. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ತೆಳ್ಳಗೆ ಮೂರು ಸಲ ಬಳಿಯಬೇಕು. ಹಸಿಯಿರುವಾಗ ಬಣ್ಣ ಕಡುವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಇದನ್ನರಿಯದೆ ನಾನು ಮೊದಲ ದಿನ ಅತ್ತಿದ್ದೆ. ಒಂದೇ ಕಿಟಕಿಯ ಚಿಕ್ಕ ಖೋಲಿಗೆ ನಾಲ್ಕು ಗೋಡೆಗೂ ಪೂರಾ ಕೆಂಪು ಬಳಿದರೆ ಗವಿಯಾಗುತ್ತದೆ. ಕೆಳಗೆ ಕೆಂಪು, ಮೇಲೆ ಬಿಳುಪು ಎಂಬ ನಮ್ಮ ಹಿರಿಯರ ಕ್ರಮದಲ್ಲಿ ಬೆಳಕಿನ ಲೆಕ್ಕವಿದೆ. ಉಳಿದ ಸುಣ್ಣವನ್ನು ಮಾಳಿಗೆಯ ಮೇಲೆ ಬಳಿದೆವು. ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ರಾತ್ರಿಯ ಸೆಕೆ ಕಡಿಮೆಯಾಯಿತು.

ಎರಡನೆಯದು ನೆಲ. ಶಹಾಬಾದ್ ಕಲ್ಲಿನ ಬೂದುಬಣ್ಣ ಎಲ್ಲ ಮಣ್ಣಿನ ಬಣ್ಣಗಳಿಗೂ ಹೊಂದುತ್ತದೆ, ಕಾಲಿಗೆ ತಂಪು. ಅದೂ ಸುಣ್ಣಕಲ್ಲೇ ಆದುದರಿಂದ ನಿಂಬೆ, ಹುಣಸೆ ಚೆಲ್ಲಿದರೆ ಕಲೆ ನಿಲ್ಲುತ್ತದೆ. ಮಂಚದ ಮುಂದೆ ಒಂದು ಜಮಖಾನ ಹಾಸಿದರೆ ಸಾಕು.

ಮೂರನೆಯದು ಹಾಸಿಗೆ. ಬಟ್ಟೆಯ ಪದರಗಳಿಗೆ ಒಂದು ಕ್ರಮವಿದೆ. ಕೆಳಗೆ ಗಾದಿ, ಅದರ ಮೇಲೆ ನೂಲಿನ ಚಾದರ, ಕಾಲ್ದೆಸೆಯಲ್ಲಿ ಮಡಿಸಿದ ಕೌದಿ, ಚಳಿಗಾಲಕ್ಕೆ ಕರಿಯ ಕಂಬಳಿ. ಬಟ್ಟೆ ತಾನಾಗಿ ಬೆಚ್ಚಗಿರುವುದಿಲ್ಲ. ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ಮೈಯ ಕಾವನ್ನು ಹಿಡಿದಿಡುತ್ತದೆ. ಒಂದು ದಪ್ಪ ರಜಾಯಿಗಿಂತ ನಾಲ್ಕು ತೆಳುವಾದ ಹೊದಿಕೆಗಳು ಲೇಸು. ಸೆಕೆಯಾದಂತೆ ಒಂದೊಂದನ್ನೇ ತೆಗೆಯಬಹುದು. ಕಂಬಳಿ ಕುರಿಯ ಉಣ್ಣೆಯದು. ನೇಯುವವರು ಅದರ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹೊಸದರಲ್ಲಿ ಚುಚ್ಚುತ್ತದೆ, ಬಳಸಿದಂತೆ ಮೆತ್ತಗಾಗುತ್ತದೆ.

ಇನ್ನು ಕೌದಿ. ಉಟ್ಟು ಮೆತ್ತಗಾದ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಹೊರ ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನವರೆಗೆ ಹೊಲಿಯುತ್ತ ಬರುತ್ತಾರೆ. ನೂರು ಬಗೆಯ ತುಂಡುಗಳು ಒಂದಕ್ಕೊಂದು ಜಗಳವಾಡದೆ ಹೇಗೆ ಹೊಂದುತ್ತವೆ? ಆಯಿಯನ್ನು ಕೇಳಿ ಕಲಿತ ಉತ್ತರವಿದು: ಸುತ್ತಲೂ ಅಂಚು ಒಂದೇ ಬಣ್ಣದ್ದಿರಬೇಕು, ದಾರ ಒಂದೇ ಇರಬೇಕು, ಹೊಸ ಬಟ್ಟೆ ಸೇರಬಾರದು. ಒಗೆದು ಒಗೆದು ಮಾಸಿದ ಬಣ್ಣಗಳು ತಾವಾಗಿಯೇ ಹತ್ತಿರವಾಗಿರುತ್ತವೆ. ಇಡೀ ಕೋಣೆಗೂ ಇದೇ ನಿಯಮ ಸಾಕು. ಒಂದು ಬಣ್ಣವನ್ನು ಹಿಡಿದು ಅದನ್ನು ಮೂರು ಕಡೆ ತೋರಿಸಿದರೆ ಉಳಿದವು ಅದರ ಹಿಂದೆ ನಡೆಯುತ್ತವೆ. ನಮ್ಮಲ್ಲಿ ಕಾರಣೆಯ ಕೆಂಪು, ಕೌದಿಯ ಅಂಚಿನ ಕೆಂಪು, ಗೋಡೆಗೆ ತೂಗುಹಾಕಿದ ಆಯಿಯ ಹರಿದ ಇಳಕಲ್ ಸೀರೆಯ ಸೆರಗಿನ ಕೆಂಪು, ಇವು ಮೂರು.

ಅಟ್ಟದಿಂದ ಗಂಟನ್ನು ಇಳಿಸಿ ಬಿಚ್ಚಿದಾಗ ಆಯಿ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಹೇಳುತ್ತ ಹೋದಳು. ಇದು ಮುತ್ಯಾನ ಪಟಗ. ಇದು ನಿಮ್ಮವ್ವ ಮದುವ್ಯಾಗ ಉಟ್ಟ ಸೀರಿ. ನೀಲಿ ಗೆರೆಯ ಒಂದು ತುಂಡಿನ ಬಳಿ ನಿಂತು, “ಇದು ನಿಮ್ಮಪ್ಪ ಮೊದಲನೇ ಸಲ ಬೆಂಗಳೂರಿಗಿ ದುಡ್ಯಾಕ ಹೋದಾಗ ಹಾಕ್ಕೊಂಡಿದ್ದ ಅಂಗಿ. ನೀನು ಆಗ ತೊಟ್ಟಿಲದಾಗ ಇದ್ದಿ,” ಎಂದಳು. ನಮ್ಮ ಮನೆಯಲ್ಲಿ ಇತಿಹಾಸದ ಪುಸ್ತಕವಿಲ್ಲ. ಪಾತ್ರೆಗೆ ಹಾಕಬೇಕೆಂದು ನಾನು ಹೇಳಿದ್ದು ಇರುವ ಒಂದೇ ಇತಿಹಾಸವನ್ನು. ಅವ್ವ ಅದಕ್ಕೇ ಉತ್ತರ ಕೊಟ್ಟಿರಲಿಲ್ಲ.

ಗಂಟಿನ ತಳದಲ್ಲಿ ಅರ್ಧ ಹೊಲಿದ ಒಂದು ಕೌದಿ ಇತ್ತು. ಆಯಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಹೀಗಾಗಿ ಅದು ನಿಂತುಹೋಗಿತ್ತು. ನಾನು ದಾರ ಪೋಣಿಸಿ ಕೊಟ್ಟೆ. ಆಮೇಲೆ ನಾನೇ ಹೊಲಿಯಲು ಕೂತೆ. ನನ್ನ ಹೊಲಿಗೆ ಎಲ್ಲಿ ಆರಂಭವಾಯಿತೆಂದು ಯಾರಾದರೂ ಹೇಳಬಹುದು, ಅಷ್ಟು ಸೊಟ್ಟಗಿದೆ. ನಡುವೆ ಅಂಗೈಯಗಲ ಜಾಗ ಉಳಿದಾಗ ಆಯಿ ನಾಲ್ಕು ಜೋಳದ ಕಾಳು ತಂದು ಅದರೊಳಗಿಟ್ಟು ಮುಚ್ಚಿಸಿದಳು. “ಹಸದ ಕೌದಿ ಹೊಚ್ಕೋಬಾರದು,” ಎಂದಳು.

ನಮ್ಮೂರಿಗೆ ನೆಂಟರು ಬಂದರೆ ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರನು ೧೮೪೪ರಲ್ಲಿ ಕಟ್ಟಿಸಿದ ಬಂಗಲೆಯನ್ನು ತೋರಿಸಿ ಬರುತ್ತೇವೆ. ಈ ಸಲ ಬಂದವರನ್ನು ಮೊದಲು ಆಯಿಯ ಖೋಲಿಯಲ್ಲಿ ಕೂರಿಸಿದೆವು.

ಇಷ್ಟೆಲ್ಲ ಹೇಳಿ, ಪೇಟೆಗೆ ಹೋಗಿ ಕೌದಿ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಹೊಲಿದು ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳಿಂದ ಕೊಂಡರೆ ತಪ್ಪೇನೂ ಇಲ್ಲ. ಆದರೆ ಕೊಳ್ಳುವ ಮುನ್ನ ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಅಲ್ಲಿರುವುದು ಯಾರದೆಂದು ಹೇಳಬಲ್ಲವರು ಇರುವಾಗಲೇ ಕೇಳಿಟ್ಟುಕೊಳ್ಳಿರಿ. ವಸತಿಗೃಹದ ನನ್ನ ಮಂಚದ ಮೇಲೆ ಈಗ ಆ ಸೊಟ್ಟ ಹೊಲಿಗೆಯ ಕೌದಿ ಇದೆ. ಚಾದರ ಅದರ ಕೆಳಗಿದೆ.