ಒಗ್ಗದ ಆಹಾರವನ್ನು ಮೂಸಿ ತಿಳಿಸುವ ನಾಯಿ

ಯಸಳೂರಿನ ಸುತ್ತಲಿನ ಕಾಫಿ, ಏಲಕ್ಕಿ ತೋಟಗಳಲ್ಲಿ ನಾಯಿಯಿಲ್ಲದ ಮನೆ ಅಪೂರ್ವವೆಂದೇ ಹೇಳಬೇಕು. ರಾತ್ರಿಯಲ್ಲಿ ಆನೆಗಳು ತೋಟಕ್ಕೆ ಇಳಿದುದನ್ನು ಮನೆಯವರಿಗಿಂತ ಮೊದಲು ಅರಿಯುವುದು ಅದೇ. ಚಿರತೆಯ ವಾಸನೆ ಗಾಳಿಯಲ್ಲಿ ತೇಲಿಬಂದೊಡನೆ ಬಾಲ ಮುದುರಿ ಜಗಲಿ ಹತ್ತುವುದೂ ಅದೇ. ಸಕಲೇಶಪುರ, ಆಲೂರು ಸೀಮೆಯ ಮಲೆಗಳಲ್ಲಿ ಹೀಗೆ ನಾಯಿಯ ಮೂಗನ್ನು ನಂಬಿ ಬಾಳಿದ ಜನರಿಗೆ, ಆ ಮೂಗು ತಿಂಡಿಯ ತಟ್ಟೆಯಲ್ಲಿ ಅಡಗಿರುವ ಅಪಾಯವನ್ನೂ ಹೇಳಬಲ್ಲದೆಂದರೆ ಅಷ್ಟೇನೂ ಸೋಜಿಗವೆನಿಸಲಾರದು. ಪಾಶ್ಚಾತ್ಯ ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ತೀವ್ರವಾದ ಅಲರ್ಜಿಯುಳ್ಳವರ ಸಂಗಡ ಇರುವುದಕ್ಕೆಂದೇ ನಾಯಿಗಳಿಗೆ ಶಿಕ್ಷಣ ಕೊಡುತ್ತಿರುವರು. ಆ ಶಿಕ್ಷಣ ಎಂಥದು, ಅದರಿಂದ ನಮ್ಮ ಸಂಸಾರಗಳಿಗೆ ಆಗಬಹುದಾದುದೇನು ಎಂಬುದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ.

ಮೊದಲು ರೋಗದ ಮಾತು. ಒಬ್ಬರಿಗೆ ಅಮೃತವಾದ ಪದಾರ್ಥವು ಇನ್ನೊಬ್ಬರ ದೇಹಕ್ಕೆ ಶತ್ರುವಾಗಿ ತೋರುವುದುಂಟು. ದೇಹವು ಅದರ ಮೇಲೆ ಯುದ್ಧ ಹೂಡುವುದು. ಆ ಯುದ್ಧದಲ್ಲಿ ಪೆಟ್ಟು ಬೀಳುವುದು ದೇಹಕ್ಕೇ. ಇದಕ್ಕೆ ಅಲರ್ಜಿ ಎಂಬ ಹೆಸರನ್ನು ವಿಯೆನ್ನಾ ನಗರದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತನು ೧೯೦೬ರಲ್ಲಿ ಕೊಟ್ಟನು. ಇದರ ಅತ್ಯಂತ ಘೋರವಾದ ರೂಪವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟುದು ನಾಯಿಯೇ ಎಂಬ ಸಂಗತಿ ಅನೇಕರಿಗೆ ತಿಳಿಯದು. ೧೯೦೧ರಲ್ಲಿ ಮೊನಾಕೊ ದೊರೆಯ ಹಡಗಿನಲ್ಲಿ ಹೋಗಿ ಕಡಲ ಜೀವಿಗಳ ವಿಷವನ್ನು ಪರೀಕ್ಷಿಸುತ್ತಿದ್ದ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ಫ್ರೆಂಚ್ ವಿದ್ವಾಂಸರು, ಊರಿಗೆ ಮರಳಿದ ಮೇಲೆ, ಹೂವಿನಂತೆ ತೋರುವ ಒಂದು ಕಡಲ ಪ್ರಾಣಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡಿದರು. ನೆಪ್ಚೂನ್ ಎಂಬ ದೃಢಕಾಯದ ನಾಯಿಗೆ ಮೊದಲ ಸಲ ಏನೂ ಆಗಲಿಲ್ಲ. ಮೂರು ವಾರ ಕಳೆದು ಮತ್ತೊಮ್ಮೆ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ, ಕೆಲವೇ ಕ್ಷಣಗಳಲ್ಲಿ ಏದುಸಿರು ಬಿಟ್ಟು, ನೆಲಕ್ಕುರುಳಿ, ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆಗೆ ವಿರುದ್ಧವಾದುದು ಎಂಬ ಅರ್ಥದಲ್ಲಿ ಇದನ್ನು ಅನಾಫಿಲ್ಯಾಕ್ಸಿಸ್ ಎಂದು ಕರೆದರು. ರಿಷೆಗೆ ೧೯೧೩ರಲ್ಲಿ ನೊಬೆಲ್ ಬಹುಮಾನ ಬಂದಿತು. ನೆಪ್ಚೂನ್‌ನನ್ನು ಇಂದು ನೆನೆಯುವವರು ಕಡಿಮೆ.

ನಮ್ಮಲ್ಲಿ ಇಂಥ ರೋಗವುಂಟೆ ಎಂದು ಕೇಳುವವರಿರುವರು. ಉಂಟು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಪಿ. ಎ. ಮಹೇಶರೂ ಅವರ ಸಹೋದ್ಯೋಗಿಗಳೂ ಕರ್ನಾಟಕದ ೧೧ ಸಾವಿರಕ್ಕೂ ಹೆಚ್ಚು ಮಂದಿ ವಯಸ್ಕರನ್ನು ವಿಚಾರಿಸಿ, ಅವರಲ್ಲಿ ಕೆಲವರ ರಕ್ತವನ್ನು ಪರೀಕ್ಷಿಸಿ, ೨೦೧೬ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ ೨೬ ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ವಿರೋಧದ ಚಿಹ್ನೆಯಿದ್ದರೂ, ನಿಜವಾಗಿ ಅಲರ್ಜಿಯೆಂದು ಹೇಳಬಹುದಾದವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಾತ್ರ. ರಕ್ತದ ಪರೀಕ್ಷೆಯ ಕಾಗದವೊಂದನ್ನೇ ಹಿಡಿದು ಮಕ್ಕಳ ಬಾಯಿಂದ ಹಾಲು ಹಣ್ಣುಗಳನ್ನು ಕಿತ್ತುಕೊಳ್ಳುವ ತಾಯಿತಂದೆಗಳು ಈ ಎರಡು ಅಂಕಿಗಳ ಅಂತರವನ್ನು ಗಮನಿಸಬೇಕು. ಆದರೆ ಆ ಒಬ್ಬರಲ್ಲಿ ನಮ್ಮ ಮನೆಯ ಮಗುವೂ ಸೇರಿದ್ದರೆ? ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬೀರುವ ವಾಡಿಕೆಯನ್ನು ನೆನೆಯಿರಿ. ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆ, ಹುರಿದ ಕಡಲೆಬೀಜ, ಎಲ್ಲವೂ ಕಲೆತಿರುವುವು. ಎಳ್ಳಾಗಲಿ ಕಡಲೆಬೀಜವಾಗಲಿ ಒಗ್ಗದ ಮಗುವಿಗೆ, ಹತ್ತು ಮನೆಗಳಿಂದ ಪ್ರೀತಿಯಿಂದ ಬಂದ ಹತ್ತು ಪೊಟ್ಟಣಗಳೂ ಭಯದ ವಸ್ತುಗಳೇ ಸರಿ.

ಇನ್ನು ನಾಯಿಯ ವಿಷಯ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕಣಗಳು ಸುಮಾರು ೫೦ರಿಂದ ೬೦ ಲಕ್ಷವಿದ್ದರೆ, ನಾಯಿಯಲ್ಲಿ ಜಾತಿಗೆ ತಕ್ಕಂತೆ ೨೦ ಕೋಟಿಗೂ ಮೇಲ್ಪಟ್ಟು ಇರುವುವೆಂದು ಹೇಳುವರು. ಅದು ಉಸಿರು ಬಿಡುವುದು ಹೊಳ್ಳೆಯ ಪಕ್ಕದ ಸೀಳುಗಳಿಂದ. ಆದಕಾರಣ ಮುಂದಿರುವ ವಾಸನೆಯು ಚದರಿಹೋಗದೆ, ಉಸಿರುಸಿರಿಗೂ ಹೊಸದಾಗಿ ಒಳಗೆ ಸೇರುವುದು. ನಮಗೆ ಹುಳಿ ಕುದಿಯುವ ಒಂದೇ ಘಮಲು ಬಂದರೆ, ಅದಕ್ಕೆ ಬೇಳೆ, ಇಂಗು, ಕರಿಬೇವು, ಒಗ್ಗರಣೆಯ ಎಣ್ಣೆ ಎಲ್ಲವೂ ಬೇರೆಬೇರೆಯಾಗಿ ತೋರುವುವು.

ಶಿಕ್ಷಣ ನಡೆಯುವ ಕ್ರಮ ಹೀಗೆ. ಸೌಮ್ಯ ಸ್ವಭಾವದ, ಜನಸಂದಣಿಗೆ ಬೆದರದ, ತಿಂಡಿಗೂ ಆಟಕ್ಕೂ ಆಸೆಪಡುವ ನಾಯಿಯನ್ನು ಆರಿಸಿಕೊಳ್ಳುವರು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪೂಡ್ಲ್ ಜಾತಿಯವು ಹೆಚ್ಚು. ಹಲವು ಡಬ್ಬಿಗಳನ್ನು ಸಾಲಾಗಿಟ್ಟು, ಒಂದರಲ್ಲಿ ಮಾತ್ರ ಕಡಲೆಬೀಜವನ್ನು ಅಡಗಿಸುವರು. ಅದನ್ನು ಮೂಸಿದೊಡನೆ ನಾಯಿಗೆ ಬಹುಮಾನ. ಕ್ರಮೇಣ ಹಸಿಯ ಬೀಜ, ಹುರಿದುದು, ಪುಡಿ, ಬೆಣ್ಣೆಯಂತೆ ಅರೆದುದು, ಮಿಠಾಯಿಯಲ್ಲಿ ಬೆರೆತುದು, ಹೀಗೆ ಒಂದೇ ಪದಾರ್ಥದ ನಾನಾ ವೇಷಗಳನ್ನೆಲ್ಲ ಪರಿಚಯ ಮಾಡಿಸುವರು. ಗೋಡಂಬಿ, ಬಾದಾಮಿಗಳನ್ನಿಟ್ಟು ಮೋಸಗೊಳಿಸಲೂ ನೋಡುವರು. ಗುರುತು ಸಿಕ್ಕಾಗ ಬೊಗಳಬಾರದು, ಪಂಜದಿಂದ ಕೆದಕಬಾರದು, ಬಾಯಿಡಲಂತೂ ಕೂಡದು. ಸುಮ್ಮನೆ ಕುಳಿತು ಯಜಮಾನನ ಮುಖ ನೋಡಬೇಕು. ನಮ್ಮ ಅಭಿಪ್ರಾಯದಲ್ಲಿ ಕಷ್ಟದ ಪಾಠವೆಂದರೆ ಇದೇ. ತಿಂಡಿಯನ್ನು ಕಂಡುಹಿಡಿಯುವುದು ಯಾವ ನಾಯಿಗೆ ಬಾರದು? ಕಂಡುಹಿಡಿದು ಬಿಟ್ಟಿರುವುದು ಎಷ್ಟು ಮನುಷ್ಯರಿಗೆ ಬರುವುದು? ಪಾಠ ಮುಗಿದ ಮೇಲೆ, ಮಗು ಶಾಲೆಯ ಕೋಣೆಗೆ ಕಾಲಿಡುವುದಕ್ಕೆ ಮುಂಚೆ, ನಾಯಿಯು ಬೆಂಚು, ಮೇಜು, ಬಾಗಿಲ ಹಿಡಿಗಳನ್ನು ಮೂಸಿ ಬರುವುದು. ಮನೆಯಲ್ಲಿಯೂ ದಿನದಿನವೂ ಅಭ್ಯಾಸ ಮಾಡಿಸದಿದ್ದರೆ ಕಲಿತ ವಿದ್ಯೆ ಮಸುಕಾಗುವುದು.

ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳ ಮೊದಲ ಶಾಲೆಯು ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ, ೧೯೧೬ರಲ್ಲಿ ತೆರೆಯಿತು. ಅಲರ್ಜಿಯ ನಾಯಿ ಆ ವಂಶದ ಕಿರಿಯ ಕುಡಿ. ಅಮೆರಿಕದ ಸರ್ಕಾರವು ೨೦೧೦ರ ನಿಬಂಧನೆಗಳಲ್ಲಿ, ಅಲರ್ಜಿಯ ಪದಾರ್ಥವನ್ನು ಸೂಚಿಸುವುದನ್ನೂ ಸೇವಾನಾಯಿಯ ಕೆಲಸಗಳಲ್ಲಿ ಒಂದೆಂದು ಹೆಸರಿಸಿತು; ಅಂಥ ನಾಯಿಯನ್ನು ಅಂಗಡಿ, ಹೋಟೆಲುಗಳಲ್ಲಿ ತಡೆಯುವ ಹಾಗಿಲ್ಲ. ನಮ್ಮ ದೇಶದ ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ೨೧ ಬಗೆಯ ವೈಕಲ್ಯಗಳನ್ನು ಎಣಿಸಿದೆ. ಅಲರ್ಜಿ ಅದರಲ್ಲಿ ಸೇರಿಲ್ಲ.

ನಮ್ಮ ನಾಡಿನ ನಾಯಿಗಳು ಕಡಿಮೆಯೆಂದಲ್ಲ. ಬಂಡೀಪುರದ ಕಾಡಿನಲ್ಲಿ ರಾಣಾ ಎಂಬ ಜರ್ಮನ್ ಷೆಫರ್ಡ್ ನಾಯಿ ಕಳ್ಳಬೇಟೆಗಾರರ ಜಾಡು ಹಿಡಿದು ಹೆಸರಾಯಿತು. ಮುಧೋಳದ ನಾಯಿಮರಿಗಳನ್ನು ೨೦೧೬ರಲ್ಲಿ ಮೀರತ್ತಿನ ಸೈನ್ಯಕೇಂದ್ರಕ್ಕೆ ಶಿಕ್ಷಣಕ್ಕಾಗಿ ಒಯ್ದರು. ಆದರೆ ಮುಧೋಳದ್ದು ಕಣ್ಣಿನಿಂದ ಬೇಟೆಯನ್ನು ಅಟ್ಟುವ ಜಾತಿ. ಅಡಿಗೆಮನೆಯಲ್ಲಿ ಕುಳಿತು ಮೂಸುವ ಕೆಲಸಕ್ಕೆ ಅದನ್ನು ಕಟ್ಟಿಹಾಕುವುದು ಅದಕ್ಕೆ ಅನ್ಯಾಯವೆಂದು ನಮಗೆ ತೋರುತ್ತದೆ.

ಹಾಗೆಂದು ನಾಯಿಯನ್ನೇ ದೇವರೆಂದು ನಂಬುವುದೂ ತರವಲ್ಲ. ಮುಚ್ಚಿದ ಡಬ್ಬಿಯೊಳಗಿನದು, ಗಾಳಿ ಬೀಸುವ ದಿಕ್ಕಿಗೆ ಆಚೆ ಇರುವುದು ಅದಕ್ಕೂ ತಪ್ಪಿಹೋದೀತು; ದಣಿದಾಗ, ನೆಗಡಿಯಾದಾಗ ಮೂಗು ಮಂಕಾದೀತು. ನಾಯಿಯ ಹೊಟ್ಟು ಮತ್ತು ಜೊಲ್ಲು ತಾವೇ ಅನೇಕರಿಗೆ ಅಲರ್ಜಿಯುಂಟುಮಾಡುವುವು. ಪಕ್ಕದ ಬೆಂಚಿನ ಮಗುವಿಗೆ ಉಬ್ಬಸವಿದ್ದರೆ ಯಾರಿಗೆ ಯಾರು ದಾರಿ ಬಿಡಬೇಕು? ಮೇಲಾಗಿ ಮಲೆಯ ಸೀಮೆಯಲ್ಲಿ ಮೂಗಿಗೆ ಸಿಕ್ಕದ ಶತ್ರುಗಳೇ ಬಹಳ. ಹೆಜ್ಜೇನು, ಕಣಜಗಳ ಕುಟುಕಿನಿಂದಲೂ ಅನಾಫಿಲ್ಯಾಕ್ಸಿಸ್ ಬರುವುದು. ನಾಯಿ ಅಲ್ಲಿ ಮಾಡುವುದೇನೂ ಇಲ್ಲ, ಮೊದಲು ಓಡುವುದೇ ಅದು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಬೀಜದ ರಸ ಮೈಗೆ ತಾಗಿ ಬೊಕ್ಕೆ ಏಳುವುದು ಒಂದು ಬಗೆಯ ಅಲರ್ಜಿಯೇ, ನಿಧಾನವಾಗಿ ಏರುವಂಥದು. ಅದಕ್ಕೆ ಮರವನ್ನು ಗುರುತಿಸಬಲ್ಲ ಹಿರಿಯರ ಕಣ್ಣೇ ಸಾಕು.

ಆದ್ದರಿಂದ ಯಸಳೂರಿನಂಥ ಊರಿನ ಗೃಹಸ್ಥರು ನಾಯಿಗಿಂತ ಮೊದಲು ತಿಳಿಯಬೇಕಾದುದು ಬೇರೆಯುಂಟು. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಸಕಲೇಶಪುರದ ಆಸ್ಪತ್ರೆ ದೂರವಾಗಿಬಿಡುವುದು. ಈ ರೋಗವಾದರೋ ನಿಮಿಷಗಳ ಲೆಕ್ಕದಲ್ಲಿ ನಡೆಯುವುದು. ಮೈಯೆಲ್ಲ ದದ್ದು, ತುಟಿ ನಾಲಿಗೆಗಳ ಊತ, ಧ್ವನಿ ಒಡೆಯುವುದು, ಉಸಿರು ಕಟ್ಟುವುದು, ವಾಂತಿ, ತಲೆಸುತ್ತು, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ತಡಮಾಡಬಾರದು. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್; ತೊಡೆಯ ಹೊರಪಕ್ಕದ ಮಾಂಸಖಂಡಕ್ಕೆ ಚುಚ್ಚುವುದು. ತುರಿಕೆಯ ಮಾತ್ರೆಗಳು ದದ್ದನ್ನು ಇಳಿಸಬಹುದು, ಪ್ರಾಣವನ್ನು ಉಳಿಸಲಾರವು. ಒಮ್ಮೆ ಇಂಥ ಗಂಡಾಂತರವಾದವರು ವೈದ್ಯರನ್ನು ಕಂಡು, ಮದ್ದನ್ನು ಮನೆಯಲ್ಲಿರಿಸಿಕೊಳ್ಳಬಹುದೆ, ಎಷ್ಟು ಪ್ರಮಾಣ, ಚುಚ್ಚುವವರು ಯಾರು ಎಂಬುದನ್ನು ಬರೆಸಿಕೊಂಡು, ಮನೆಯ ಇಬ್ಬರಾದರೂ ಕಲಿತಿರಬೇಕು. ರೋಗಿಯನ್ನು ಎಬ್ಬಿಸಿ ನಡೆಸದೆ, ಕಾಲು ಎತ್ತರಿಸಿ ಮಲಗಿಸಬೇಕು. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಬಹುದು. ಕೂಡಲೆ ೧೦೮ಕ್ಕೆ ಕರೆಮಾಡಬೇಕು, ಇಲ್ಲವೆ ಸಿಕ್ಕಿದ ಜೀಪಿನಲ್ಲಿ ಹೊರಡಬೇಕು.

ಪೇಟೆಯಿಂದ ತರುವ ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿಯ ಜಾತಿ, ಕಡಲೆಬೀಜ, ಗೋಡಂಬಿಯಂಥ ಬೀಜಗಳು, ಸೋಯಾ, ಗೋಧಿ ಮೊದಲಾದವು ಇದ್ದರೆ ನಮೂದಿಸಲೇಬೇಕೆಂದು ೨೦೨೦ರ ಆಹಾರ ನಿಬಂಧನೆಗಳು ವಿಧಿಸಿವೆ. ಎಳ್ಳಿನ ಹೆಸರು ಆ ಪಟ್ಟಿಯಲ್ಲಿಲ್ಲ. ಎಳ್ಳು ಒಗ್ಗದವರು ಪದಾರ್ಥಗಳ ಸಣ್ಣಕ್ಷರದ ಸಾಲನ್ನು ಕೊನೆಯವರೆಗೂ ಓದಬೇಕು. ನೆರೆಮನೆಯವರಿಗೆ ಸಂಕ್ರಾಂತಿಗೆ ವಾರದ ಮೊದಲೇ ಹೇಳಿಟ್ಟರೆ, ಮಗುವಿನ ಪಾಲಿಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನು ಬೇರೆಯೇ ತೆಗೆದಿಡುವರು.