ಪ್ರತಿವರ್ಷದ ಲಸಿಕೆ ಮತ್ತು ವಿದ್ಯಾರ್ಥಿಗಳು

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬ ಗಾದೆಯನ್ನು ಕೇಳದವರು ವಿರಳ. ನೆಗಡಿಯ ವೇಷದಲ್ಲಿಯೇ ಬಂದು ಅದಕ್ಕಿಂತ ಎಷ್ಟೋ ಪಾಲು ಕಠಿನವಾಗಿ ಕಾಡುವ ವ್ಯಾಧಿಯೊಂದುಂಟು. ಅದೇ ಇನ್‌ಫ್ಲುಯೆಂಜಾ, ಬಳಕೆಯ ಮಾತಿನಲ್ಲಿ ಫ್ಲೂ ಜ್ವರ. ಇದಕ್ಕೆ ಲಸಿಕೆ ಹಾಕಿಸಿಕೊಳ್ಳಿರೆಂದು ವಿದ್ಯಾರ್ಥಿಗಳಿಗೆ ಹೇಳಿದಾಗಲೆಲ್ಲ ನಾನು ಕೇಳಿರುವ ಪ್ರಶ್ನೆಗಳು ಎರಡು. ‘ತರುಣರಾದ ನಮಗೇಕೆ?’ ಎಂಬುದೊಂದು, ‘ಪ್ರತಿವರ್ಷವೂ ಏಕೆ?’ ಎಂಬುದು ಇನ್ನೊಂದು. ನಾನು ವೈದ್ಯನಲ್ಲ, ಕನ್ನಡದ ಅಧ್ಯಾಪಕನಾಗಿದ್ದವನು. ಆದರೂ ಬಲ್ಲವರಿಂದ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ನಿವೇದಿಸುತ್ತೇನೆ.

ತಾರುಣ್ಯವು ಈ ಜ್ವರಕ್ಕೆ ಕವಚವಲ್ಲ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಎರಡು ವರ್ಷಕ್ಕೆ, 1918ರಲ್ಲಿ, ಜಗತ್ತನ್ನು ವ್ಯಾಪಿಸಿದ ಇನ್‌ಫ್ಲುಯೆಂಜಾ ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರೇ ಆಗ ವಿಶೇಷವಾಗಿ ಗತಿಸಿದರು. ಸಾಮಾನ್ಯ ವರ್ಷಗಳಲ್ಲಿ ತರುಣರು ಬಹುಮಟ್ಟಿಗೆ ಗುಣಹೊಂದುತ್ತಾರೆಂಬುದು ನಿಜ. ಆದರೆ ರೋಗಲಕ್ಷಣ ತೋರುವುದಕ್ಕೆ ಸುಮಾರು ಒಂದು ದಿನ ಮೊದಲೇ ಸೋಂಕು ಒಬ್ಬರಿಂದೊಬ್ಬರಿಗೆ ದಾಟಬಲ್ಲದು. ಒಂದೇ ಕೊಠಡಿಯಲ್ಲಿ ಮೂವರು ಮಲಗಿ, ಒಂದೇ ಪಂಕ್ತಿಯಲ್ಲಿ ಊಟಮಾಡುವ ವಿದ್ಯಾರ್ಥಿನಿಲಯಕ್ಕಿಂತ ಅದಕ್ಕೆ ಅನುಕೂಲವಾದ ತಾಣ ಬೇರೆ ಯಾವುದು? ರಜೆಗೆ ಊರಿಗೆ ಹೋದ ಮೊಮ್ಮಗನು ಅಜ್ಜಿಗೆ ತನಗರಿಯದೆಯೇ ಕೊಟ್ಟುಬರುವ ಕಾಣಿಕೆ ಇದಾಗಬಾರದು. ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು, ಉಬ್ಬಸ ಮಧುಮೇಹಗಳುಳ್ಳವರು ಇವರಿಗೆ ಫ್ಲೂ ಪ್ರಾಣಾಪಾಯವನ್ನೇ ತರಬಹುದು.

ಎರಡನೆಯ ಪ್ರಶ್ನೆಗೆ ಇತಿಹಾಸವೇ ಉತ್ತರ ಹೇಳುತ್ತದೆ. ಅಮೆರಿಕದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಕ್ ಸಿದ್ಧಪಡಿಸಿದ ಲಸಿಕೆಯನ್ನು 1943ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಸೈನಿಕ ಶಿಕ್ಷಣ ಪಡೆಯುತ್ತಿದ್ದ ತರುಣರ ಮೇಲೆ ಪರೀಕ್ಷಿಸಿದಾಗ ಅದು ಚೆನ್ನಾಗಿ ಫಲಕೊಟ್ಟಿತು. 1947ರಲ್ಲಿಯಾದರೋ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಲಸಿಕೆ ಪಡೆದವರೂ ಪಡೆಯದವರಂತೆಯೇ ಹಾಸಿಗೆ ಹಿಡಿದರು. ಲಸಿಕೆ ಹಳೆಯದೇ ಆಗಿತ್ತು; ವೈರಾಣು ತನ್ನ ರೂಪವನ್ನು ಬದಲಿಸಿಕೊಂಡಿತ್ತು. ಅಂದಿನ ಆ ಪಾಠದ ಫಲವಾಗಿಯೇ 1952ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಈ ವೈರಾಣುವಿನ ಚಲನವಲನಗಳನ್ನು ಕಾಯುತ್ತಿದೆ. ಇಂದು ವರ್ಷಕ್ಕೆರಡು ಬಾರಿ ಲಸಿಕೆಯ ಘಟಕಗಳನ್ನು ಸೂಚಿಸುತ್ತದೆ. ಲಸಿಕೆಯಿಂದ ದೊರೆತ ರಕ್ಷಣೆಯೂ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ. ಆದುದರಿಂದಲೇ ವರ್ಷ ವರ್ಷವೂ ಹೊಸದಾಗಿ ಹಾಕಿಸಿಕೊಳ್ಳಬೇಕು.

ಲಸಿಕೆಯಿಂದಲೇ ಫ್ಲೂ ಬರುತ್ತದೆಂಬ ಭಯವೂ ಕೆಲವರಲ್ಲುಂಟು. ಸಾಮಾನ್ಯವಾಗಿ ಕೊಡುವ ಚುಚ್ಚುಮದ್ದಿನಲ್ಲಿ ಜೀವಂತ ವೈರಾಣುವಿಲ್ಲ. ಅದರಿಂದ ಫ್ಲೂ ಬರಲಾರದು. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೆ. ಹಿಂದೆ ಲಸಿಕೆಯಿಂದ ತೀವ್ರವಾದ ಅಲರ್ಜಿಯಾದವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಇದು ಪೂರ್ಣರಕ್ಷೆಯೆಂದು ನಾನು ಹೇಳಲಾರೆ. ವೈರಾಣುವಿಗೆ ಲಸಿಕೆ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ವೈದ್ಯರ ಬಳಿಗೆ ಹೋಗಬೇಕಾದಂಥ ಕಾಯಿಲೆಯ ಸಂಭವ ನೂರಕ್ಕೆ ನಲವತ್ತರಿಂದ ಅರವತ್ತರಷ್ಟು ಕಡಿಮೆಯಾಗುತ್ತದೆ. ರೋಗ ಬಂದರೂ ಅದರ ಉಗ್ರತೆ ತಗ್ಗುತ್ತದೆ. ಕೊಡೆ ಹಿಡಿದವನ ಕಾಲು ನೆನೆಯಬಹುದು. ಹಾಗೆಂದು ಕೊಡೆಯನ್ನು ಬಿಸುಡುವವರುಂಟೆ?

ನಮ್ಮಲ್ಲಿ ಈ ಜ್ವರ ಮಳೆಗಾಲದಲ್ಲಿ ಹೆಚ್ಚುತ್ತದೆ. ದೇಹ ರಕ್ಷಣೆಯನ್ನು ಸಿದ್ಧಪಡಿಸಿಕೊಳ್ಳಲು ಎರಡು ವಾರ ಬೇಕು. ಆದಕಾರಣ ಮುಂಗಾರಿಗೆ ಮುನ್ನವೇ ಲಸಿಕೆ ಪಡೆಯುವುದು ಲೇಸು. ವಿದ್ಯೆಯನ್ನು ಹಂಚಿಕೊಳ್ಳಲೆಂದು ಒಂದೆಡೆ ಸೇರಿದ ನೀವು, ವಿದ್ಯಾರ್ಥಿ ಮಿತ್ರರೇ, ರೋಗವನ್ನು ಹಂಚಿಕೊಳ್ಳದಿರುವ ವಿವೇಕವನ್ನೂ ತೋರುವಿರೆಂದು ನಂಬಿದ್ದೇನೆ.